ಸರಾಸರಿ ಹಲ್ಲು

೧೯೭೯ರಲ್ಲಿ ಬೆಳಗಾವಿಯ ದಂತ-ಜಲ ಸಮನ್ವಯ ಕಚೇರಿಯು, ಖಾನಾಪುರ ತಾಲೂಕಿನ ಜಾಂಬೋಟಿಯ ಮಕ್ಕಳಿಗೆ ಹಲ್ಲುನೋವು ಇಲ್ಲವೆಂದು ತೀರ್ಮಾನಿಸಿತು. ತೀರ್ಮಾನಕ್ಕೆ ಆಧಾರವಿತ್ತು. ಹಲ್ಲು ಹುಳುಕಾಗದಿರಲು ಕುಡಿಯುವ ನೀರಿನಲ್ಲಿ ತುಸು ಫ್ಲೋರೈಡ್ ಬೇಕು. ಜಾಂಬೋಟಿಯ ನೀರಿನಲ್ಲಿ ಅದು ಇರಲೇ ಇಲ್ಲ. ಮೂಡಣ ಬಯಲುಸೀಮೆಯ ಬಾವಿಗಳಲ್ಲಿ ಮಿತಿಮೀರಿ ಇದ್ದು, ಅಲ್ಲಿನ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಿದ್ದವು. ಕಚೇರಿಯ ಸಾಹೇಬರಾದ ಗುರುಪುತ್ರಪ್ಪನವರು ಎರಡೂ ಕಡೆಯ ಪ್ರಮಾಣವನ್ನು ಕೂಡಿಸಿ ಎರಡರಿಂದ ಭಾಗಿಸಿದರು. ಸರಾಸರಿ ಫ್ಲೋರೈಡ್ ಹೇಳಿ ಮಾಡಿಸಿದ ಹಾಗೆ ಸರಿಯಾಗಿ ಬಂತು. ಅಂದು ಕಚೇರಿಯಲ್ಲಿ ಎಲ್ಲರಿಗೂ ಕುಂದಾ ಹಂಚಲಾಯಿತು.

ಈ ಸುದ್ದಿ ಜಾಂಬೋಟಿಯ ಚಂದ್ರವ್ವನ ದವಡೆಗೆ ಮಾತ್ರ ತಲುಪಲಿಲ್ಲ. ಪಾಪ, ಹುಡುಗಿ ಗಲ್ಲ ಊದಿಸಿಕೊಂಡು ಊಟ ಬಿಟ್ಟಿದ್ದಳು. ಊರಿಗೆ ಹಲ್ಲಿನ ಡಾಕ್ಟರನ್ನು ಕಳಿಸಿರೆಂದು ಕೇಳಲು ತಾಯಿ ಶಿವಬಸವ್ವ ಮಗಳೊಂದಿಗೆ ಬೆಳಗಾವಿಯ ಬಸ್ಸು ಹತ್ತಿದಳು. ಸಿಕ್ಕಿದ್ದು ಹಿಂದಿನ ಸೀಟು. ಒಂದು ದೊಡ್ಡ ತಗ್ಗಿನಲ್ಲಿ ಬಸ್ಸು ಎದ್ದು ಬಿದ್ದಾಗ ಚಂದ್ರವ್ವನ ಗದ್ದ ಮುಂದಿನ ಸರಳಿಗೆ ಬಡಿಯಿತು. ಹುಳುಕು ಹಾಲುಹಲ್ಲು ಕೈಗೆ ಬಂತು.

ಆದರೂ ಶಿವಬಸವ್ವ ಕಚೇರಿಗೆ ಹೋದಳು.

"ಸಾಹೇಬ್ರ, ಊರಾಗ ಎಲ್ಲಾ ಹುಡುಗೂರ ಹಲ್ಲು ಹುಳುಕ ಹಿಡದಾವ್ರಿ. ಡಾಕ್ಟರನ್ನ ಕಳಸ್ರಿ."

"ಕುಂದರ್ರಿ ಬಾಯಾರ. ಸರಾಸರಿ ಹಲ್ಲು ನೋಯಂಗಿಲ್ಲ. ನೋಯೂ ಹಲ್ಲು ಎಲ್ಲೈತಿ, ತೋರಸ್ರಿ."

ಚಂದ್ರವ್ವ ಮುಷ್ಟಿ ಬಿಚ್ಚಿದಳು. "ಬಸ್ಸಿನ್ಯಾಗ ಉದುರಿತ್ರಿ. ಈಗ ಆರಾಮ ಐತ್ರಿ."

ಸಾಹೇಬರು ಎದ್ದು ನಿಂತರು. "ಯಾವ ಸೀಟು?"

"ಹಿಂದಿಂದ್ರಿ."

ಮರುದಿನವೇ ಪ್ರಕಟಣೆ ಹೊರಬಿತ್ತು: "ಜಾಂಬೋಟಿ ರಸ್ತೆಯ ತಗ್ಗುಗಳನ್ನು ಇಂದಿನಿಂದ ದಂತ ಚಿಕಿತ್ಸಾ ಘಟಕಗಳೆಂದು ಪರಿಗಣಿಸಲಾಗಿದೆ. ಅನುಮತಿಯಿಲ್ಲದೆ ಅವುಗಳನ್ನು ಮುಚ್ಚತಕ್ಕದ್ದಲ್ಲ. ಬಸ್ಸಿನ ಹಿಂದಿನ ಸೀಟನ್ನು ಹುಳುಕು ಹಲ್ಲಿನ ಮಕ್ಕಳಿಗೆ ಮೀಸಲಿಡತಕ್ಕದ್ದು. ಉದುರಿದ ಹಲ್ಲಿಗೆ ಪ್ರತ್ಯೇಕ ಟಿಕೆಟ್ ಇರುವುದಿಲ್ಲ."

ಯೋಜನೆ ಚೆನ್ನಾಗಿ ನಡೆಯಿತು. ಮಳೆಗಾಲದಲ್ಲಿ ಘಟಕಗಳು ತಾವಾಗಿಯೇ ವಿಸ್ತರಣೆಗೊಂಡವು. ಕಂಡಕ್ಟರ್ ಮಾಯಪ್ಪ, "ಹಲ್ಲಿನವ್ರು ಹಿಂದ ಹೋಗ್ರಿ, ಉಳದವ್ರು ಮುಂದ ಬರ್ರಿ," ಎಂದು ಕೂಗುವುದು ರೂಢಿಯಾಯಿತು. ಡಾಕ್ಟರನ್ನು ಕಳಿಸುವ ಅಗತ್ಯ ಬೀಳಲಿಲ್ಲ. ನನಗಂತೂ ಆ ರಸ್ತೆಯ ಬಗ್ಗೆ ಬಹಳ ಅಭಿಮಾನ.

ಒಮ್ಮೆ ಮಾತ್ರ ಯಾರದೋ ಅಚಾತುರ್ಯದಿಂದ ತಗ್ಗು ಮುಚ್ಚಲು ಆಳುಗಳು ಖಡಿಕಲ್ಲು ತಂದು ಸುರುವಿದರು. ಶಿವಬಸವ್ವ ಓಡಿಬಂದು ಅಡ್ಡ ನಿಂತಳು.

"ನಿಲ್ರಿ! ನಮ್ಮ ಸಣ್ಣ ಮಗಳ್ದು ಇನ್ನೂ ಎರಡು ಹುಳುಕ ದವಡಿಹಲ್ಲು ಅದಾವು. ಉದುರೂ ತನಕ ಒಂದು ತಗ್ಗೂ ಮುಚ್ಚಬ್ಯಾಡ್ರಿ!"

ಆಳುಗಳು ತಪ್ಪಾಯಿತೆಂದು ಒಪ್ಪಿ ಖಡಿಯನ್ನು ಮರಳಿ ತುಂಬಿದರು. ಅವರಲ್ಲೊಬ್ಬ ಗಲ್ಲ ಹಿಡಿದುಕೊಂಡು, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ.