ಟೊಕ್ತೊರನ ಟಗರು ಸಿಕ್ಕಿತು

ಟೊಕ್ತೊರ್ ಬೆಳಿಗ್ಗೆ ಎದ್ದು ಹೊರಗೆ ಬಂದಾಗ ಹಿತ್ತಿಲ ಬಾಗಿಲು ಹಾರುಹೊಡೆದಿತ್ತು, ಟಗರು ಇರಲಿಲ್ಲ. ಬಾಗಿಲಿನ ಅಗುಳಿ ಮುರಿದು ಮೂರು ತಿಂಗಳಾಗಿತ್ತು. "ನಾಳೆ ಸರಿಮಾಡ್ತೀನಿ ಕಣೇ" ಎಂದು ಅವನು ಹೆಂಡತಿ ಬುರ್ಮಕಾನಳಿಗೆ ಎಷ್ಟು ಸಲ ಹೇಳಿದ್ದನೆಂದರೆ, ಆ ನಾಳೆಗೇ ತುಕ್ಕು ಹಿಡಿದಿತ್ತು.

ಬೇರೆ ಟಗರಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇದು ಮೊಮ್ಮಗಳು ಅಕ್ಮಾರಲ್ ಮೊದಲ ಹೆಜ್ಜೆಯಿಟ್ಟ ಮೇಲೆ ಅವಳ ಕಾಲಿಗೆ ದಾರ ಕಟ್ಟಿ ಕತ್ತರಿಸುವ ಶಾಸ್ತ್ರದ ಊಟಕ್ಕೆಂದು ವರ್ಷವಿಡೀ ಮೇಯಿಸಿದ್ದು. ಸೋಮವಾರ ರಾಜಧಾನಿ ಬಿಷ್ಕೆಕ್‌ನಿಂದ ಬೀಗರು ಬರುವವರಿದ್ದರು. ಟಗರಿನ ಎಡಗಿವಿಯಲ್ಲಿ ಮನೆತನದ ಗುರುತಾದ ಎರಡು ಕಚ್ಚುಗಳಿದ್ದವು. ಹಾಕಿದವನು ಟೊಕ್ತೊರನೇ, ಪಾಪದ ಪ್ರಾಣಿ ಎಂದು ಕೈ ನಡುಗಿ ಒಂದು ಕಚ್ಚು ಸೊಟ್ಟಗಾಗಿತ್ತು.

ಠಾಣೆಯಲ್ಲಿ ಬೀದಿಯ ಪೊಲೀಸಪ್ಪ ಅರ್ಜಿಯನ್ನು ಮುಟ್ಟಲೇ ಇಲ್ಲ.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಸೋಮವಾರ ಕಳ್ಕೊಳ್ಳಿ. ಭಾನುವಾರ ಪಟ್ಟಣಸಭೆ ಎಲೆಕ್ಷನ್ನು. ಅಲ್ಲೀವರೆಗೂ ನಿಮ್ಮ ಬೀದೀಲಿ ಕಳ್ಳತನ ಆಗಂಗಿಲ್ಲ."

"ಕಳ್ಳತನ ಅಂತ ನಾನೆಲ್ಲಿ ಹೇಳ್ದೆ? ಅಗುಳಿ ಮುರಿದಿತ್ತು, ಅದಕ್ಕೇ..."

ಪಕ್ಕದಲ್ಲೇ ಯಾವುದೋ ಕಾಗದಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದ ಬೀದಿ ಸಮಿತಿಯ ಮುಖ್ಯಸ್ಥೆ ಉಪೆಲಕ್ಕನ ಕಿವಿಗೆ ಮುರಿದದ್ದು ಮಾತ್ರ ಬಿತ್ತು. ಟೊಕ್ತೊರ್ ಮನೆ ತಲುಪುವಷ್ಟರಲ್ಲಿ ಒಂದು ಟಗರು ಐದಾಗಿತ್ತು, ಕಳ್ಳರ ಕೈಗೆ ಬಂದೂಕು ಬಂದಿತ್ತು.

ಚುನಾವಣೆಗೆ ನಿಂತವರು ಇಬ್ಬರು, ಇಬ್ಬರಿಗೂ ಇದ್ದದ್ದು ಒಂದೇ ಮಾತು: ಜನರ ರಕ್ಷಣೆ. ಬೇಕರಿಯ ಮಿರ್ಲಾನ್ ಕಂಬಕ್ಕೊಂದು ಕ್ಯಾಮೆರಾ ಎನ್ನುತ್ತಿದ್ದ. ನಿವೃತ್ತ ಪೊಲೀಸ್ ಮೇಜರ್ ಎಸೆನ್‌ಕುಲ್ ತನ್ನ ಕಡೆಯ ಎಂಟು ಗಂಡಸರ ತೋಳಿಗೆ ಕೆಂಪು ಪಟ್ಟಿ ಕಟ್ಟಿ ಕಾವಲಿಗೆ ಬಿಟ್ಟಿದ್ದ.

ಮೊದಲು ಬಂದವನು ಮಿರ್ಲಾನ್. ಟೊಕ್ತೊರನನ್ನು ರೊಟ್ಟಿ ಗಾಡಿಯ ಮೇಲೆ ಹತ್ತಿಸಿ ನಿಲ್ಲಿಸಿದ.

"ನೋಡ್ರಪ್ಪಾ ಈ ಮುಖಾನ! ಮೇಜರ್ ಸಾಹೇಬ್ರ ಕಾವಲು ಯಾರಿಗೆ? ಕಳ್ಳರಿಗೆ! ಹೇಳಣ್ಣ, ಹೇಳು."

"ಅಗುಳಿ..." ಎಂದು ಟೊಕ್ತೊರ್ ಶುರುಮಾಡಿದ. ಮಿರ್ಲಾನ್ ಮೈಕು ಕಿತ್ತುಕೊಂಡ.

ಒಂದು ಗಂಟೆಯೊಳಗೆ ಎಸೆನ್‌ಕುಲ್ ಖುದ್ದಾಗಿ ಬಂದು ಅವನ ಹೆಗಲ ಮೇಲೆ ಕೈಹಾಕಿದ.

"ತಮ್ಮಾ, ನನ್ನ ಹುಡುಗ್ರು ಕಾಯೋ ಬೀದಿ ಬಿಟ್ಟು ಟಗರು ಎಲ್ಲಿಗೆ ಹೋಗತ್ತೆ? ಸಂಜೆಯೊಳಗೆ ನಿನ್ನ ಮುಂದೆ ತಂದು ಇಡದಿದ್ರೆ ನಾನು ಮೇಜರೇ ಅಲ್ಲ. ಆದ್ರೆ 'ಟಗರು ಸಿಕ್ಕಿತು' ಅಂತ ಈಗ್ಲೇ ಒಂದು ಸಹಿ ಹಾಕಿಬಿಡು. ಆ ಮಿರ್ಲಾನನ ಬಾಯಿ ಮುಚ್ಚಿಸ್ಬೇಕು."

"ಸಿಗದೇ ಹೇಗೆ ಮೇಜರ್...?"

"ನನ್ನ ಮೇಲೆ ನಂಬಿಕೆ ಇಲ್ವಾ?"

ಎದುರಿಗಿದ್ದವರ ಮುಖಕ್ಕೆ ಇಲ್ಲ ಎಂದು ಟೊಕ್ತೊರ್ ಜನ್ಮದಲ್ಲಿ ಹೇಳಿದವನಲ್ಲ. ಸಹಿ ಹಾಕಿದ.

ಸಂಜೆ ಎಸೆನ್‌ಕುಲ್‌ನ ಅಂಗಳದಲ್ಲಿ ಊಟ. ಮತದಾರರಿಗೆ ಉಣಬಡಿಸುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಇದು ಊರಿನ ಕ್ಷೇಮಕ್ಕಾಗಿ ಪ್ರಾರ್ಥನೆ. ಬಂದವರೆಲ್ಲ ಮತದಾರರಾಗಿದ್ದದ್ದು ಅವರವರ ಪುಣ್ಯ. ಟೊಕ್ತೊರನನ್ನು ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಕೂರಿಸಿದರು. ಉಪೆಲಕ್ಕ ಅವನ ಕಾಗದವನ್ನು ಎದ್ದು ನಿಂತು ಓದಿದಳು. ಚಪ್ಪಾಳೆಯೋ ಚಪ್ಪಾಳೆ. ಹುಟ್ಟಿದಂದಿನಿಂದ ಅವನಿಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಟಗರನ್ನು ಹೊರಗೆಲ್ಲೋ ಕಟ್ಟಿರಬೇಕೆಂದು ಅವನು ಆಗಾಗ ಕತ್ತು ಉದ್ದ ಮಾಡಿ ನೋಡುತ್ತಿದ್ದ.

ಆಮೇಲೆ ಮಾಂಸ ಬಂತು. ಪದ್ಧತಿಯಂತೆ ಸುಟ್ಟು ಬೇಯಿಸಿದ ತಲೆಯನ್ನು ದೊಡ್ಡ ಅತಿಥಿಯಾದ ಟೊಕ್ತೊರನ ಮುಂದೆಯೇ ಇಟ್ಟರು. ಮೊದಲು ಕಿವಿ ಕತ್ತರಿಸಬೇಕು. ಅವನು ಚಾಕು ಹಿಡಿದು ಎಡಗಿವಿಯನ್ನು ಎತ್ತಿದ.

ಎರಡು ಕಚ್ಚು. ಒಂದು ಸೊಟ್ಟ.

"ಮೇಜರ್," ಅವನು ಕಿವಿಯನ್ನು ಕೈಬಿಡದೆ ಕೇಳಿದ, "ಈ ಟಗರು ಎಲ್ಲೀದು?"

ಎಸೆನ್‌ಕುಲ್ ಕಾವಲು ಪಡೆಯ ಮುಖಂಡನ ಕಡೆ ತಿರುಗಿದ. ಅವನು ಎದೆಯುಬ್ಬಿಸಿ ಎದ್ದ.

"ಬೆಳಗಿನ ಜಾವ ರಸ್ತೇಲಿ ನಾವೇ ಹಿಡಿದಿದ್ದು! ದಿಕ್ಕುದೆಸೆ ಇಲ್ದೆ ಅಡ್ಡಾಡ್ತಿತ್ತು. ನಮ್ಮ ಕಣ್ಣು ತಪ್ಪಿಸಿ ಒಂದು ಪ್ರಾಣೀನೂ ಹೋಗಂಗಿಲ್ಲ, ಸಾಹೇಬ್ರೆ!"

ಮತ್ತೆ ಚಪ್ಪಾಳೆ. ಎಸೆನ್‌ಕುಲ್ ಕಿವಿಯನ್ನು ನೋಡಿದ, ಟೊಕ್ತೊರನನ್ನು ನೋಡಿದ, ಉಪೆಲಕ್ಕನ ಕೈಯಲ್ಲಿದ್ದ ಕಾಗದವನ್ನು ನೋಡಿದ. ಮೇಜರ್ ಮುಖ ಮೊದಲು ಬಿಳುಚಿತು, ಆಮೇಲೆ ಗೆಲುವಾಯಿತು.

"ಸಿಕ್ಕಿತು ಅಂತ ಸಹಿ ಹಾಕಿದ್ದೀಯಲ್ಲ, ತಮ್ಮಾ," ಎಂದು ಕಿವಿಯಲ್ಲಿ ಉಸುರಿದ. "ತಿನ್ನು, ಆರಿಹೋಗತ್ತೆ."

ಟೊಕ್ತೊರನ ಕಣ್ಣಲ್ಲಿ ನೀರು ತುಂಬಿತು. ವರ್ಷವಿಡೀ ತನ್ನ ಅಂಗೈಯಿಂದ ಉಪ್ಪು ನೆಕ್ಕಿದ ಮೂತಿ ಅದು.

"ನೋಡ್ರೀ, ಸಂತೋಷಕ್ಕೆ ಅಳ್ತಿದ್ದಾನೆ!" ಎಂದಳು ಉಪೆಲಕ್ಕ. ನಾಲ್ಕು ಜನ ಫೋಟೊ ತೆಗೆದುಕೊಂಡರು.

ಊಟಕ್ಕೆ ಬಂದವರು ತಮ್ಮ ಮನೆಯವರ ಪಾಲಿನ ಮಾಂಸವನ್ನು ಕಟ್ಟಿಸಿಕೊಂಡು ಹೋಗುವುದು ಅಲ್ಲಿನ ವಾಡಿಕೆ. ಟೊಕ್ತೊರನ ಕೈಗೂ ಒಂದು ಪ್ಲಾಸ್ಟಿಕ್ ಚೀಲ ಬಂತು. ಮನೆಯ ಹತ್ತಿರ ಬಂದಾಗ ಬುರ್ಮಕಾನ್ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಹಿತ್ತಿಲ ಬಾಗಿಲನ್ನು ಅಗಲವಾಗಿ ತೆರೆದು ನಿಂತಿದ್ದಳು. ಮುಖ ಅರಳಿತ್ತು.

"ಸಿಕ್ತಂತಲ್ಲ! ಉಪೆಲಕ್ಕ ಫೋನ್ ಮಾಡಿದ್ಲು. ನಿನ್ನ ನಂಬ್ಕೊಂಡ್ರೆ ಆಗಲ್ಲ ಅಂತ ನಾನೇ ಹೊಸ ಅಗುಳಿ ಹಾಕಿಸ್ದೆ, ನೋಡು. ಇನ್ನು ಯಾವ ಕಳ್ಳ ಬರ್ತಾನೋ ಬರ್ಲಿ. ಎಲ್ಲಿ, ಒಳಗೆ ಕರ್ಕೊಂಡ್ ಬಾ."

ಟೊಕ್ತೊರ್ ಚೀಲವನ್ನು ಅವಳ ಕೈಗಿಟ್ಟು ಒಳಗೆ ಬಂದ. ತಿರುಗಿ ನಿಂತು, ಜೋಪಾನವಾಗಿ, ಅಗುಳಿ ಹಾಕಿದ.