ಯಶವಂತಪುರಕ್ಕೆ ಬಂದಿಳಿದ ರಾಣಿ

ಕಾದಂಬರಿ ಓದುವ ವಿಷಯದಲ್ಲಿ ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದು ಜಂಬವಲ್ಲ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಬಸ್‌ಸ್ಟಾಪಿನ ಪಕ್ಕದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕ ಹಿಡಿದು ಮಧ್ಯಾಹ್ನ ಜಗಲಿಯ ಮೇಲೆ ಕೂತರೆ ಸಾಕು, ಪಕ್ಕದ ಮನೆಯ ಮೆಹರುನ್ನೀಸಾ ಹುರುಳಿಕಾಯಿ ಬುಟ್ಟಿಯೊಂದಿಗೆ ಹಾಜರಾಗುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕೇಳಲು ಮಾತ್ರ ನನಗಿಂತ ಚೆನ್ನಾಗಿ ಬರುತ್ತಿತ್ತು. ನಾನು ಓದುವುದು, ಅವರು ನಾರು ತೆಗೆಯುವುದು.

ಆ ಸಲ ಸಿಕ್ಕಿದ್ದು ಮಾಯಾಲೋಕದ ಒಂದು ಕಾದಂಬರಿ. ಅದರ ರಾಣಿಗೆ ತಾನು ಪುಸ್ತಕದೊಳಗಿದ್ದೇನೆಂದು ಗೊತ್ತು! ಆಕಾಶದಲ್ಲಿ ಪೆನ್ನು ಕೆರೆಯುವ ಸದ್ದು ಅವಳಿಗೆ ಕೇಳಿಸುತ್ತದೆ. ‘ಓದುತ್ತಿರುವ ತಾಯೀ, ಕೊನೆಯ ಪುಟದಲ್ಲಿ ಇದನ್ನು ಬರೆಯುತ್ತಿರುವಾತ ನನ್ನನ್ನು ಕಲ್ಲು ಮಾಡಲಿದ್ದಾನೆ. ದಯವಿಟ್ಟು ನಿಧಾನವಾಗಿ ಓದು’ ಎಂದು ನಮ್ಮನ್ನೇ ಬೇಡಿಕೊಳ್ಳುತ್ತಾಳೆ. ಅದುವರೆಗೆ ಯಾವ ಪುಸ್ತಕವೂ ನನ್ನನ್ನು ಮಾತನಾಡಿಸಿರಲಿಲ್ಲ. ಮನೆಯಲ್ಲಾದರೂ ‘ಕಾಫಿ ಆಯ್ತಾ?’ ಬಿಟ್ಟರೆ ಬೇರೇನು ಕೇಳುತ್ತಿದ್ದರು!

ಕಲ್ಲಾಗುವುದನ್ನು ತಪ್ಪಿಸಿಕೊಳ್ಳಲು ರಾಣಿ ಎರಡು ಪುಟಗಳ ನಡುವಿನ ಸಂದಿಯನ್ನು ಕಂಡುಹಿಡಿದು ಅದರೊಳಗೆ ಕಾಲಿಟ್ಟಳು. ನಾನು ಪುಟ ತಿರುಗಿಸಿದೆ.

‘ಯಶವಂತಪುರ ಸ್ಟೇಷನ್ನಿನಲ್ಲಿ ನೀಲಿ ಸೀರೆಯ ಹೆಂಗಸೊಬ್ಬಳು ಇಳಿದಳು. ಅವಳ ಕೈಯಲ್ಲಿ ಟಿಕೆಟ್ ಇರಲಿಲ್ಲ.’

“ಯಾ ಅಲ್ಲಾ! ನಮ್ಮ ಯಶವಂತಪುರಕ್ಕೇ ಬಂದ್ಬಿಟ್ಳಾ?” ಮೆಹರುನ್ನೀಸಾರ ಕೈಯಿಂದ ಹುರುಳಿಕಾಯಿ ಜಾರಿತು.

“ಮತ್ತೆ? ಇದೇ ಕಣ್ರೀ ಹೊಸ ತಂತ್ರ!” ಎಂದೆ, ನಾನೇ ಬರೆದವಳ ಹಾಗೆ.

ಮುಂದಿನ ಪುಟಗಳಲ್ಲಿ ಆ ಹೆಂಗಸು ಒಂದು ರೂಮು ಬಾಡಿಗೆಗೆ ಹಿಡಿದಳು. ಟೈಪಿಸ್ಟ್ ಕೆಲಸಕ್ಕೆ ಸೇರಿದಳು. ಹೋಟೆಲಿನಲ್ಲಿ ಒಬ್ಬಳೇ ಕೂತು ಮಸಾಲೆ ದೋಸೆ ತಿಂದಳು. ಯಾರೂ ಏನೂ ಕೇಳಲಿಲ್ಲ! ಆ ಸಾಲನ್ನು ಮೆಹರುನ್ನೀಸಾ ಇನ್ನೊಮ್ಮೆ ಓದಿಸಿದರು. ಆಮೇಲೆ ಯಾರೋ ಬಾಗಿಲು ತಟ್ಟಿದರು. ಅವಳು ಎದ್ದಳು. ಪುಟ ತಿರುಗಿಸಿದರೆ ಮತ್ತೆ ಕೋಟೆ, ನೆಲದ ಮೇಲೆ ಎಡವಿ ಬಿದ್ದ ರಾಣಿ!

“ಬಾಗಿಲು ತೆಗೆದ್ಳಾ ಇಲ್ವಾ?”

“ಅದನ್ನ ನಾವೇ ಊಹಿಸ್ಕೋಬೇಕು.”

“ನಾವ್ಯಾಕ್ರೀ ಊಹಿಸೋದು? ಬರೆಯೋಕೆ ದುಡ್ಡು ತಗೊಂಡಿರೋನು ಅವ್ನು!”

ಇಬ್ಬರಿಗೂ ತಡೆಯಲಾಗಲಿಲ್ಲ. ಮರುದಿನ ಯಶವಂತಪುರದ ಮಾರ್ಕೆಟ್ಟಿನಿಂದ ಈರುಳ್ಳಿ ತರುವ ನೆಪದಲ್ಲಿ ಸ್ಟೇಷನ್ನಿಗೆ ಹೋಗಿ, ರಾಣಿ ಇಳಿದ ಸ್ಥಳದ ಪರಿಶೀಲನೆ ಕೈಗೊಂಡೆವು. ಕೂಡಲೇ ಟಿಕೆಟ್ ಕಲೆಕ್ಟರ್ ನಮ್ಮ ಪರಿಶೀಲನೆ ಕೈಗೊಂಡರು.

“ಪ್ಲಾಟ್‌ಫಾರ್ಮ್ ಟಿಕೆಟ್ ಎಲ್ಲಮ್ಮಾ? ಯಾರನ್ನ ಕರ್ಕೊಂಡ್ಹೋಗೋಕೆ ಬಂದ್ರಿ?”

“ರಾಣೀನ” ಎಂದರು ಮೆಹರುನ್ನೀಸಾ.

“ಯಾವ ಟ್ರೈನಲ್ಲಿ ಬರ್ತಾರೆ?”

“ಟ್ರೈನಲ್ಲಲ್ಲ ಸಾರ್, ಪುಸ್ತಕದಲ್ಲಿ.”

ಈರುಳ್ಳಿಯ ದುಡ್ಡು ದಂಡಕ್ಕೆ ಹೋಯಿತು. ಆದರೂ ನಾವು ತಕ್ಷಣ ಹೊರಡಲಿಲ್ಲ. ಒಂದು ರೈಲು ಬಂತು, ನಿಂತಿತು, ಹೋಯಿತು. ನೀಲಿ ಸೀರೆಯವರು ಯಾರೂ ಇಳಿಯಲಿಲ್ಲ. ಹತ್ತಿ ಹೋದವರನ್ನು ನೋಡಿ ನನಗೇಕೋ ಹೊಟ್ಟೆ ಉರಿಯಿತು.

ಈರುಳ್ಳಿಯಿಲ್ಲದೆ ಮರಳಿದ ಹೆಂಡತಿಯಿಂದ ನಮ್ಮವರು ವಿವರಣೆ ಕೇಳಿದರು. ಕೊಟ್ಟೆ. ಅವರು ಕನ್ನಡಕ ಏರಿಸಿ ಪುಸ್ತಕ ತಿರುವಿದರು.

“ಲೇ, ಈ ಪುಟಗಳ ಅಕ್ಷರಾನೇ ಬೇರೆ ಇದೆಯಲ್ಲೇ!”

“ಲೋಕ ಬದಲಾದ್ರೆ ಅಕ್ಷರ ಬದಲಾಗಲ್ವೇನ್ರೀ?”

“ಪುಟದ ನಂಬರೂ ಹಿಂದಕ್ಕೆ ಹೋಗಿದೆ!”

“ಅದು ಕಾಲ ಹಿಂದಕ್ಕೆ ಚಲಿಸಿದ್ದು!”

ಅವರು ಹಣೆ ಚಚ್ಚಿಕೊಂಡು ನನ್ನನ್ನು ಲೈಬ್ರರಿಗೆ ಕರೆದೊಯ್ದರು. ಲೈಬ್ರರಿಯ ಯಜಮಾನರು ಒಂದೇ ನೋಟಕ್ಕೆ ನಕ್ಕರು. “ಬೈಂಡಿಂಗ್ ಮಾಡೋವಾಗ ಯಾವುದೋ ಪತ್ತೇದಾರಿ ಕಾದಂಬರಿ ಪುಟ ಸೇರ್ಕೊಂಡ್ಬಿಟ್ಟಿದೆ ಅಮ್ಮಾ!”

“ಆ ಪತ್ತೇದಾರಿ ಕೊಡಿ ಮತ್ತೆ!”

“ಅದು ಹರಿದೋಗಿತ್ತು, ತೂಕಕ್ಕೆ ಹಾಕ್ಬಿಟ್ಟೆ” ಎನ್ನುತ್ತಾ ಅವರು ಬಲು ಪ್ರಾಮಾಣಿಕವಾಗಿ ಆ ಪುಟಗಳಿಗೆ ಕತ್ತರಿ ಹಾಕಿದರು. ನಾನು “ಬೇಡ!” ಎನ್ನುವಷ್ಟರಲ್ಲಿ ರೂಮು, ಟೈಪ್‌ರೈಟರು, ಮಸಾಲೆ ದೋಸೆ ಎಲ್ಲವೂ ಮುದುಡಿ ಕಸದ ಬುಟ್ಟಿ ಸೇರಿದವು.

ಸರಿಹೋದ ಪುಸ್ತಕವನ್ನು ದಾರಿಯಲ್ಲೇ ಓದಿದೆ. ಸಂದಿಯೊಳಗೆ ಕಾಲಿಟ್ಟ ರಾಣಿ ಎಡವಿ ಬಿದ್ದಳು. ಎದ್ದು ಹೋಗಿ ಸಿಂಹಾಸನದ ಮೇಲೆ ಕೂತಳು. ಕೊನೆಯ ಪುಟದಲ್ಲಿ, ಹೇಳಿದ ಮಾತಿಗೆ ತಪ್ಪದೆ, ಕಲ್ಲಾದಳು. ಅಷ್ಟೇ!

ಮೆಹರುನ್ನೀಸಾ ಗೇಟಿನಲ್ಲೇ ಕಾಯುತ್ತಿದ್ದರು. “ಏನ್ ಸಮಾಚಾರ? ಬಾಗಿಲು ತೆಗೆದ್ಳಾ?”

ಆ ಮುಖ ನೋಡಿಕೊಂಡು ಕಲ್ಲಾದಳು ಎನ್ನಲು ನನ್ನ ನಾಲಿಗೆ ಏಳಲಿಲ್ಲ. “ಎರಡನೇ ಭಾಗ ಸಿಕ್ತು!” ಎಂದವಳೇ ಜಗಲಿಯ ಮೇಲೆ ಕೂತು, ಅದೇ ಪುಸ್ತಕ ಬಿಡಿಸಿ, ಅದರಲ್ಲಿ ಇಲ್ಲದ್ದನ್ನು ಗಂಭೀರವಾಗಿ ಓದತೊಡಗಿದೆ. ಬಾಗಿಲು ತೆಗೆದಳು. ಯಾರಿರಬೇಕು ಹೊರಗೆ? ರಾಜಕುಮಾರ? ಪೊಲೀಸು? ಎಷ್ಟು ತಡಕಾಡಿದರೂ ನನಗೆ ಹೊಳೆದದ್ದು ಹಾಲಿನವನು. ಹಾಲು ಬಂದ ಮೇಲೆ ಕಾಯಿಸಬೇಕಲ್ಲ! ಮರುದಿನ ರಾಣಿ ಟೈಪಿಸ್ಟ್ ಕೆಲಸಕ್ಕೆ ರಜೆ ಹಾಕಿದಳು. ಅದರ ಮರುದಿನ ದೋಸೆಗೆ ನೆನೆಹಾಕಿದಳು. ರೈಲು ಹತ್ತಿಸಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ; ಅವಳು ಅಡುಗೆಮನೆಯ ಹೊಸಿಲು ದಾಟಲಿಲ್ಲ.

ಮೆಹರುನ್ನೀಸಾ ಬುಟ್ಟಿಯ ಕೊನೆಯ ಹುರುಳಿಕಾಯಿಯ ನಾರು ತೆಗೆದರು. ಆಮೇಲೆ ಮೆಲ್ಲಗೆ ಹೇಳಿದರು:

“ಬೇಜಾರ್ ಮಾಡ್ಕೋಬೇಡಿ. ಮೊದಲನೇ ಭಾಗ ಬರ್ದೋನು ಏನ್ ಚೆನ್ನಾಗ್ ಬರ್ದಿದ್ದ! ಈ ಎರಡನೇ ಭಾಗ ಬರ್ದೋಳು ಯಾರೋ ಏನೋ, ಪಾಪ, ಮನೆ ಬಿಟ್ಟು ಎಲ್ಲೂ ಹೋದೋಳೇ ಅಲ್ಲ ಕಣ್ರೀ.”

ನಾನು ಪುಟ ತಿರುಗಿಸಿದೆ. ರಾಣಿಗೆ ಇನ್ನೂ ಚಟ್ನಿ ರುಬ್ಬುವುದಿತ್ತು.