ಆಮೇಲೆ ವಾಲ್ವ್ ಬಿಡಿ

ಅಳಿಯನಿಗೆ ಎಂಜಿನ್ನಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಅದು ಅವಮಾನದ ವಿಷಯವಲ್ಲ. ವಿಮಾ ಕಚೇರಿಯ ಗುಮಾಸ್ತನಿಗೆ ಎಂಜಿನ್ ಗೊತ್ತಿರಬೇಕೆಂದು ಯಾರೂ ಕೇಳುವುದಿಲ್ಲ. ಅವಮಾನದ ವಿಷಯವೆಂದರೆ, ಗೊತ್ತಿದೆ ಎಂದು ಅವನು ಎರಡು ವರ್ಷದಿಂದ ಹೇಳಿಕೊಂಡು ಬಂದದ್ದು.

ಮಾವ ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರದೊಂದು ಹಾಯಿದೋಣಿ ಇತ್ತು. ಗಾಳಿ ಇಲ್ಲದಾಗ ಓಡಿಸಲು ಅದರ ಹೊಟ್ಟೆಯಲ್ಲಿ ಪುಟ್ಟ ಡೀಸೆಲ್ ಎಂಜಿನ್. ಎಂಜಿನ್ ಕಾದು ಕೆಂಡವಾಗದಂತೆ ಸಮುದ್ರದ ನೀರು ಎಳೆದುಕೊಡಲು ಒಂದು ಪಂಪು. ಪಂಪಿನೊಳಗೆ ಬಿಸ್ಕತ್ತಿನಗಲದ ಒಂದು ರಬ್ಬರ್ ಚಕ್ರ. ಆರು ಎಸಳು ಇದ್ದುದರಿಂದ ಮನೆಯಲ್ಲಿ ಎಲ್ಲರೂ ಅದನ್ನು ರಬ್ಬರ್ ಹೂವು ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ ಹೂವು ಬದಲಿಸಬೇಕು. ಮಾವನಿಗೆ ಮಂಡಿನೋವು ಶುರುವಾದ ಮೇಲೆ ಆ ಕೆಲಸ ಅಳಿಯನ ಪಾಲಿಗೆ ಬಂತು. ಮಾವ ಪ್ರತಿ ವರ್ಷ ಅವನ ಹುಟ್ಟುಹಬ್ಬಕ್ಕೆ ಹೊಸ ಹೂವೊಂದನ್ನು ಡಬ್ಬಿಯಲ್ಲಿಟ್ಟು ಕಳಿಸುವರು. ಅಳಿಯ ಡಬ್ಬಿಯನ್ನು ಬೀರುವಿನಲ್ಲಿ ಸ್ವೆಟರ್‌ಗಳ ಹಿಂದೆ ತಳ್ಳಿ, "ಹಾಕಿದೆ ಮಾವ, ಚೆನ್ನಾಗಿ ಕೂತಿದೆ" ಎಂದು ಫೋನ್ ಮಾಡುವನು. ದೋಣಿ ವರ್ಷಕ್ಕೆ ನಾಲ್ಕೈದು ಸಲ ಹೊರಡುತ್ತಿತ್ತು. ಒಳಗಿದ್ದ ಹಳೆಯ ಹೂವೇ ಹೇಗೋ ಅವನ ಮಾನ ಕಾಯುತ್ತಿತ್ತು. ಕಚೇರಿಯಲ್ಲಿ ಮಾತ್ರ ಅವನು ಬಹಳ ಕಟ್ಟುನಿಟ್ಟು. ಜನರ ಅರ್ಜಿಗಳ ಮೇಲೆ ಕೆಂಪು ಶಾಯಿಯಲ್ಲಿ 'ಸುಳ್ಳು ಹೇಳಿಕೆ' ಎಂದು ಬರೆಯುವುದು ಅವನದೇ ಕೆಲಸ.

ಒಂದು ಶನಿವಾರ ಬೆಳಗ್ಗೆ ಹೆಂಡತಿ ತಲೆ ಬಾಚಿಕೊಳ್ಳುತ್ತ ಹೇಳಿದಳು: "ರೀ, ನಾಲ್ಕು ಗಂಟೆಗೆ ಅಪ್ಪ ಬರ್ತಾರೆ. ದೋಣಿ ಕಾಗದ ನಮ್ಮ ಹೆಸರಿಗೇ ಮಾಡಿಸಿಕೊಂಡು ಬರ್ತಿದ್ದಾರೆ. ಕೊಡೋ ಮುಂಚೆ ಪಂಪ್ ಒಂದು ಸಲ ಬಿಚ್ಚಿ ನೋಡ್ತಾರಂತೆ, ಅಷ್ಟೇ."

ಅಳಿಯನ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು.

"ಅಕ್ಕನ ಗಂಡ ಇದಾನಲ್ಲ, ದೋಣಿ ನಂಗೆ ಬೇಕು ಅಂತ ಅಪ್ಪನ ಹಿಂದೆ ಬಿದ್ದಿದ್ದ. ನಾನು ಬಿಡ್ಲಿಲ್ಲ. ಅವನಿಗೆ ಪಂಪ್ ಎಲ್ಲಿದೆ ಅಂತಾನೂ ಗೊತ್ತಿಲ್ಲ, ನಮ್ಮವರು ಕಣ್ಣು ಮುಚ್ಕೊಂಡು ಬಿಚ್ಚಿ ಹಾಕ್ತಾರೆ ಅಂದೆ."

ಅವಳು ಏಳನೇ ವಯಸ್ಸಿಗೆ ಹಾಯಿ ಕಟ್ಟಲು ಕಲಿತದ್ದು ಆ ದೋಣಿಯಲ್ಲೇ. ಬೇರೆ ಯಾವುದನ್ನೂ ಅವಳು ಅಪ್ಪನಲ್ಲಿ ಕೇಳಿದವಳಲ್ಲ. ಪೇಟೆಯ ಕೆಲಸ ಮುಗಿಸಿಕೊಂಡು ಹಾಗೇ ಬಸ್ ನಿಲ್ದಾಣದಿಂದ ಅಪ್ಪನನ್ನು ಕರೆತರಲು ಹೊರಟಾಗ ಬಾಗಿಲಲ್ಲಿ ತಿರುಗಿ ನಕ್ಕಳು. ಅಳಿಯನೂ ನಕ್ಕ. ಪಂಪ್ ಎಲ್ಲಿದೆ ಅಂತ ಅವನಿಗೂ ಗೊತ್ತಿರಲಿಲ್ಲ.

ಬೀರುವಿನಿಂದ ಎರಡೂ ಡಬ್ಬಿಗಳನ್ನು ಜೇಬಿಗಿಳಿಸಿಕೊಂಡು, ದೋಣಿಗಳನ್ನು ಕಟ್ಟುವ ಜೆಟ್ಟಿಗೆ ಓಡಿದ. ದಾರಿಯಲ್ಲಿ ಒಂದು ಯೋಚನೆ ಬಂತು. ಮಾವ ಕೊಟ್ಟದ್ದು ಎರಡು ವರ್ಷಕ್ಕೆ ಎರಡು. ಇವತ್ತು ಒಂದನ್ನು ಹಾಕಿದರೆ ಇನ್ನೊಂದು ಉಳಿಯುತ್ತದೆ. ಉಳಿದದ್ದು ಕಣ್ಣಿಗೆ ಬಿದ್ದರೆ ಸುಳ್ಳು ಬಯಲು. ಕಚೇರಿಯಲ್ಲಿ ಇಂಥ ಸಣ್ಣ ಎಡವಟ್ಟಿನಿಂದಲೇ ಅವನು ಎಷ್ಟೋ ಜನರನ್ನು ಹಿಡಿದಿದ್ದ. ಜೆಟ್ಟಿಯ ತುದಿಗೆ ಹೋಗಿ, ಅತ್ತಿತ್ತ ನೋಡಿ, ಒಂದು ಹೂವನ್ನು ಸಮುದ್ರಕ್ಕೆ ಎಸೆದ. ಅದು ಗುಳುಕ್ ಎಂದು ಮುಳುಗಿತು. ತಾನು ಬಲು ಬುದ್ಧಿವಂತ ಎಂದು ಅವನಿಗೆ ಅನ್ನಿಸಿತು. ಆ ದಿನ ಹಾಗೆ ಅನ್ನಿಸಿದ್ದು ಅದೊಂದೇ ಸಲ.

ಮಾವನ ದೋಣಿಯ ಎಡಕ್ಕೆ ದಂತವೈದ್ಯರ ದೋಣಿ, ಬಲಕ್ಕೆ ನಿವೃತ್ತ ಮುಖ್ಯೋಪಾಧ್ಯಾಯಿನಿಯ ದೋಣಿ. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಡಾಕ್ಟರ ಮೋಟಾರು ದೋಣಿಯ ಹಿಂದೆ ನೇತಾಡುವ ಸಣ್ಣದು, ಅದರೊಳಗೆ ಅವರು ಎಂದೂ ಇಣುಕಿರಲಿಲ್ಲ. ಮೇಡಂ ದೋಣಿಗೆ ಎಂಜಿನ್ನೇ ಇರಲಿಲ್ಲ. ಹಾಗಾಗಿ ಎಂಜಿನ್ನಿನ ವಿಷಯದಲ್ಲಿ ಇಬ್ಬರಿಗೂ ಹೇಳುವುದು ಬಹಳ ಇತ್ತು.

ಅಳಿಯ ಮೊದಲು ಬ್ಯಾಟರಿಯ ಪೆಟ್ಟಿಗೆ ಬಿಚ್ಚಿದ, ಆಮೇಲೆ ಕುಡಿಯುವ ನೀರಿನ ಟ್ಯಾಂಕು. ಟ್ಯಾಂಕಿನ ಮುಚ್ಚಳ ತೆಗೆದಾಗ ಡಾಕ್ಟರು ತಮ್ಮ ದೋಣಿಯಿಂದ ಈಚೆಗೆ ಕಾಲಿಟ್ಟರು.

"ಏನ್ ಹುಡುಕ್ತಿದ್ದೀರಿ?"

"ಏನಿಲ್ಲ ಡಾಕ್ಟ್ರೇ, ಸುಮ್ನೆ ಪಂಪ್ ಒಂಚೂರು..."

"ಪಂಪಾ! ಅದು ಒಳಗಿಳಿಯೋ ಮೆಟ್ಟಿಲ ಹಿಂದೆ ಅಲ್ವಾ? ನಿಮ್ಮ ಮಾವ ಅಲ್ಲೇ ಕುಕ್ಕರಗಾಲಲ್ಲಿ ಕೂತಿರ್ತಿದ್ರು."

ಮೆಟ್ಟಿಲು ಎಳೆದಿಟ್ಟರು. ಪಂಪು ಸಿಕ್ಕಿತು. ಮುಚ್ಚಳಕ್ಕೆ ಆರು ಸ್ಕ್ರೂ. ಅಷ್ಟರಲ್ಲಿ ಮೇಡಂ ಕೂಡ ಕನ್ನಡಕ ಏರಿಸಿಕೊಂಡು ಬಂದು ದೋಣಿಯ ಒಳಕೋಣೆಯ ಬಾಗಿಲಲ್ಲಿ ನಿಂತರು.

"ಮುಂದೇನು? ಹೇಳಪ್ಪ. ಎರಡು ವರ್ಷದಿಂದ ಮಾಡ್ತಿದ್ದೀಯಂತೆ, ನಿನ್ನ ಹೆಂಡ್ತಿ ಹೇಳಿದ್ಲು."

ಮುಂದೇನು ಎಂದು ಅವನಿಗೆ ತಿಳಿಯಲಿಲ್ಲ. ಫೋನ್ ಹಿಡಿದು ಜೆಟ್ಟಿಗೆ ಹತ್ತಿ ಮಾವನಿಗೆ ಕರೆ ಮಾಡಿದ. ಮಾವ ಬಸ್ಸಿನಲ್ಲಿದ್ದರು.

"ಮಾವ, ಹೀಗೇ ಒಂದು ಕುತೂಹಲ. ಹೂವು ಹಾಕುವಾಗ ನೀವಾದ್ರೆ ಯಾವ ಕ್ರಮದಲ್ಲಿ ಮಾಡ್ತಿದ್ರಿ?"

"ಅದರಲ್ಲೇನಿದೆ ಅಳಿಯಂದ್ರೆ? ಮೊದಲು ಸಮುದ್ರದ ನೀರು ಬರೋ ವಾಲ್ವ್ ಮುಚ್ಚಬೇಕು. ಹಳೇದು ಕೀಳಿ, ಹೊಸದಕ್ಕೆ ಸೋಪು ಸವರಿ ಕೂರಿಸಿ. ಮುಚ್ಚಳ ಬಿಗಿ ಮಾಡಿ. ಆಮೇಲೆ ವಾಲ್ವ್ ಬಿಡಿ. ಎಂಜಿನ್ ಹಚ್ಚಿ."

"ವಾಲ್ವ್... ಬಿಡೋದಾ ಮಾವ?"

"ಬಿಡಿ ಅಂದೆನಲ್ಲ! ಎರಡು ವರ್ಷದಿಂದ ಮಾಡ್ತಿರೋರು ಇದನ್ನೂ ಕೇಳ್ತೀರಾ?" ಮಾವ ನಕ್ಕರು. ಫೋನ್ ಕಟ್ಟಾಯಿತು.

ಅಳಿಯ ಪಂಪಿನ ಕೊಳವೆಯ ಜಾಡು ಹಿಡಿದು ವಾಲ್ವ್ ಹುಡುಕಿ ಮುಚ್ಚಿದ. ಸ್ಕ್ರೂ ಬಿಚ್ಚಿದ. ಎರಡು ಸ್ಕ್ರೂ ಕೈಜಾರಿ ಎಂಜಿನ್ನಿನ ತಳದ ಎಣ್ಣೆನೀರಿಗೆ ಬಿದ್ದು ಮಾಯವಾದವು. ಒಳಗೆ ಹಳೆಯ ಹೂವು ಕಂತಿನ ಬಾಕಿ ಕೇಳಲು ಬಂದವನ ಹಾಗೆ ಗಟ್ಟಿಯಾಗಿ ಕೂತಿತ್ತು. ಎಳೆದರೆ ಜಗ್ಗಲಿಲ್ಲ.

"ಸರೀರಿ ಆ ಕಡೆ," ಎಂದು ಡಾಕ್ಟರು ಹಲ್ಲು ಕೀಳುವ ಇಕ್ಕಳ ತಂದರು. ಮೀನಿನ ಬಾಯಿಂದ ಗಾಳ ತೆಗೆಯಲು ಅದನ್ನು ದೋಣಿಯಲ್ಲೇ ಇಟ್ಟಿರುತ್ತಿದ್ದರು. "ಸ್ವಲ್ಪ ನೋವಾಗುತ್ತೆ," ಎಂದು ಅಭ್ಯಾಸಬಲದಿಂದ ಪಂಪಿಗೆ ಹೇಳಿ, ಮೊಣಕಾಲು ಊರಿ ಎಳೆದರು. ಹೂವು ಬಂತು. ಎರಡು ಎಸಳು ಹರಿದುಕೊಂಡೇ ಬಂತು.

ಹೊಸ ಹೂವಿಗೆ ಸೋಪು ಸವರಿ ಕೂರಿಸಿ, ಉಳಿದ ನಾಲ್ಕೇ ಸ್ಕ್ರೂಗಳಲ್ಲಿ ಮುಚ್ಚಳ ಬಿಗಿದದ್ದಾಯಿತು. ಆಗ ತಕರಾರು ಎದ್ದಿತು.

"ಈಗ ವಾಲ್ವ್ ತೆಗೀರಿ," ಎಂದರು ಡಾಕ್ಟರು.

"ಮಾವ ಬಿಡಿ ಅಂದಿದ್ದಾರೆ."

"ಅದೇ, ಬಿಡಿ ಅಂದ್ರೆ ತೆಗೀರಿ ಅಂತ."

"ಯಾವ ಶಾಲೇಲಿ ಓದಿದ್ದು ನೀವು?" ಎಂದರು ಮೇಡಂ. "ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟಿದ್ದೀನಿ. ಬಿಡಿ ಅಂದ್ರೆ ಅದರ ಪಾಡಿಗೆ ಬಿಡಿ, ಕೈ ಹಚ್ಚಬೇಡಿ ಅಂತ ಅರ್ಥ."

"ನೀರು ಬಿಡಿ ಅಂದ್ರೆ?"

"ನೀರು ಹರಿಯುತ್ತೆ, ಅದಕ್ಕೇ ಬಿಡೋದು. ವಾಲ್ವ್ ವಸ್ತು. ವಸ್ತು ಹರಿಯುತ್ತಾ?"

"ನಾಯಿ ಬಿಡಿ ಅಂದ್ರೆ ಕಟ್ಟಿದ್ದನ್ನ ಬಿಚ್ಚಿ ಅಂತ ಅಲ್ವಾ ಮೇಡಂ?"

"ನಾಯಿ ಪ್ರಾಣಿ! ಕೂತ್ಕೊಳ್ಳಿ!"

ಡಾಕ್ಟರು ನಿಜಕ್ಕೂ ಕೂತುಬಿಟ್ಟರು. ಇಬ್ಬರೂ ಅಳಿಯನ ಮುಖ ನೋಡಿದರು. ಮಾವನಿಗೆ ಇನ್ನೊಂದು ಸಲ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ 'ಇದನ್ನೂ ಕೇಳ್ತೀರಾ' ಎಂಬ ನಗು ಇನ್ನೂ ಅವನ ಕಿವಿಯಲ್ಲಿತ್ತು. ಮೇಡಂ ದನಿ ದೊಡ್ಡದು, ಮತ್ತು ಅವರು ಹೇಳಿದ್ದರಲ್ಲಿ ಕೆಲಸ ಕಮ್ಮಿ. ಅವನು ವಾಲ್ವ್ ಮುಟ್ಟಲಿಲ್ಲ. ಎಂಜಿನ್ ಹಚ್ಚಿದ.

ಎಂಜಿನ್ ಜೋರಾಗಿ ಶುರುವಾಯಿತು. ದೋಣಿಯ ಹಿಂದಿನ ಕೊಳವೆಯಿಂದ ನೀರು ಚಿಮ್ಮಬೇಕಿತ್ತು. ಬಂದದ್ದು ಬರೀ ಹೊಗೆ. "ಸ್ವಲ್ಪ ಕಾಯಿರಿ, ಮೊದಲ ಸಲ ನಾಚಿಕೆ ಇರುತ್ತೆ," ಎಂದರು ಡಾಕ್ಟರು. ಕಾದರು. ರಬ್ಬರ್ ಸುಟ್ಟ ವಾಸನೆ ಬಂತು. ಪಂಪು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಅಳಿಯ ಎಂಜಿನ್ ನಿಲ್ಲಿಸಿ, ಕೈ ಸುಟ್ಟುಕೊಂಡು ಮುಚ್ಚಳ ಬಿಚ್ಚಿದ.

ಹೂವಿನ ನಡುವಿನ ತೊಟ್ಟು ಮಾತ್ರ ಇತ್ತು. ಎಸಳು ಒಂದೂ ಇರಲಿಲ್ಲ. ಆರೂ ಹರಿದು ಮುಂದಿನ ಕೊಳವೆಗೆ ಹೋಗಿ ಸಿಕ್ಕಿಕೊಂಡಿದ್ದವು. ಡಾಕ್ಟರು ಇಕ್ಕಳ ಹಾಕಿ ನಾಲ್ಕನ್ನು ಹೊರಗೆಳೆದರು. ಐದನೆಯದಕ್ಕೆ ಕೈ ಹಾಕುವಾಗ ಇಕ್ಕಳ ಸ್ಕ್ರೂಗಳ ಹಾದಿ ಹಿಡಿಯಿತು.

"ಇನ್ನೊಂದು ಹೂವು ಇಲ್ವಾ?" ಎಂದರು ಮೇಡಂ.

"ಇತ್ತು."

"ಎಲ್ಲಿ?"

ಅವನು ಸಮುದ್ರದ ಕಡೆ ನೋಡಿದ. ಯಾಕೆ ಎಂದು ಮೇಡಂ ಕೇಳಿದರು. ಅವನ ಕಿವಿಗಳು ಕೆಂಪಾದವು.

ಗಂಟೆ ಮೂರೂಮುಕ್ಕಾಲು. ಉಳಿದದ್ದು ಒಂದೇ ಉಪಾಯ. ಗಾಳಿ ದಡದಿಂದ ಆಚೆಗೆ ಚೆನ್ನಾಗಿ ಬೀಸುತ್ತಿತ್ತು. ಮಾವ ಬಂದ ಕೂಡಲೇ ದೋಣಿ ಹತ್ತಿಸಿ, ಹಾಯಿ ಬಿಚ್ಚಿ ಹೊರಟುಬಿಟ್ಟರೆ ಪಂಪಿನ ಮಾತೇ ಬರುವುದಿಲ್ಲ. ಸೋಮವಾರ ಹೊಸ ಹೂವು ತರಿಸಬಹುದು. ಅವನು ಮೆಟ್ಟಿಲು ಮತ್ತೆ ಜೋಡಿಸಿದ, ಮುಖ ತೊಳೆದ, ದೋಣಿಯ ಹಿಂದಿನ ಹಗ್ಗ ಬಿಚ್ಚಿದ, ನಡುವಿನದು ಬಿಚ್ಚಿದ. ಮುಂದಿನ ಹಗ್ಗವನ್ನು ಗೂಟದಿಂದ ತೆಗೆದು ಕೈಯಲ್ಲಿ ಹಿಡಿದು ಜೆಟ್ಟಿಯ ಮೇಲೆ ನಿಂತ.

ಸರಿಯಾಗಿ ನಾಲ್ಕಕ್ಕೆ ಮಾವ ಬಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಾಗದದ ಲಕೋಟೆ. ಪಕ್ಕದಲ್ಲಿ ಮಗಳು.

"ನೋಡಿ ಅಪ್ಪ, ಬೆಳಗ್ಗೆಯಿಂದ ಇದರಲ್ಲೇ ಇದ್ದಾರೆ. ಕೈಯೆಲ್ಲ ಮಸಿ."

"ಗಾಳಿ ಬಹಳ ಚೆನ್ನಾಗಿದೆ ಮಾವ, ಹತ್ತಿ, ಹಾಯಿಯಲ್ಲೇ ಹೋಗಿಬಿಡೋಣ. ಎಂಜಿನ್ ಯಾಕೆ ಸುಮ್ನೆ?"

ಮಾವ ಹತ್ತಲಿಲ್ಲ. ಲಕೋಟೆಯನ್ನು ಅವನ ಮುಂದೆ ಚಾಚಿದರು. "ಪಂಪ್ ನೋಡೋದೇನೂ ಬೇಡ ಅನ್ನಿಸ್ತು ಅಳಿಯಂದ್ರೆ. ದಾರಿಯುದ್ದಕ್ಕೂ ಇವಳು ನಿಮ್ಮ ಗುಣಗಾನವೇ. ನಿಮ್ಮ ಮಾತು ಸಾಕು. ಹೂವು ಚೆನ್ನಾಗಿದೆ ತಾನೆ?"

ಬಿಚ್ಚಿ ನೋಡುತ್ತೇನೆ ಎಂದಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದನೋ ಏನೋ. ನಿಮ್ಮ ಮಾತು ಸಾಕು ಎಂದದ್ದು ಅವನನ್ನು ಮುರಿಯಿತು. ಹೆಂಡತಿ ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದಳು. ಹಗ್ಗ ಹಿಡಿದುಕೊಂಡೇ, ನೆಲ ನೋಡುತ್ತ, ಎಲ್ಲ ಬಾಯಿಬಿಟ್ಟ. ಬೀರುವಿನ ಡಬ್ಬಿ, ಸ್ವೆಟರ್, ಸಮುದ್ರಕ್ಕೆ ಎಸೆದದ್ದು, ಮುಚ್ಚಿದ ವಾಲ್ವ್, ಸುಟ್ಟ ವಾಸನೆ, ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ, "ಪಂಪ್ ಎಲ್ಲಿದೆ ಅಂತಾನೇ ನಂಗೆ ಇವತ್ತಿನವರೆಗೆ ಗೊತ್ತಿರ್ಲಿಲ್ಲ ಮಾವ," ಎಂದ.

ಹೆಂಡತಿ ಮುಖ ತಿರುಗಿಸಿದಳು. ಡಾಕ್ಟರು ತಮ್ಮ ದೋಣಿಯಲ್ಲಿ ಇಲ್ಲದ ಕೆಲಸವೊಂದನ್ನು ಹುಡುಕಿಕೊಂಡರು.

ಮಾವ ಕೋಲನ್ನು ಗೂಟಕ್ಕೆ ಒರಗಿಸಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು. "ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಹಡಗಿನ ಪಂಪನ್ನೇ ಹೀಗೆ ಸುಟ್ಟಿದ್ದೆ. ಮೀನು ಸಿಕ್ಕಿಕೊಂಡಿತ್ತು ಅಂತ ಹೇಳಿದೆ. ಇವತ್ತಿನವರೆಗೆ ಯಾರಿಗೂ ನಿಜ ಹೇಳಿಲ್ಲ. ನೀವು ಹೇಳಿದ್ರಿ. ದೋಣಿ ನಿಮ್ಮದೇ. ಆದದ್ದಾಯ್ತು, ಇನ್ನು ಅದನ್ನ ಬಿಡಿ."

ಅಳಿಯ ತಲೆಯೆತ್ತಿದ. ಕಣ್ಣು ತುಂಬಿತ್ತು. "ಬಿಡೋದಾ ಮಾವ?"

"ಬಿಡಿ ಅಂದೆನಲ್ಲ!"

ಬೆಳಗ್ಗೆ ಈ ಮಾತಿಗೆ ಕೈ ಹಚ್ಚದೆ ಕೂತು ಕೆಟ್ಟಿದ್ದ. ಇನ್ನೊಮ್ಮೆ ಆ ತಪ್ಪು ಮಾಡುವಷ್ಟು ದಡ್ಡ ಅವನಲ್ಲ. ಹಗ್ಗ ಬಿಟ್ಟ.

ದೋಣಿ ಸದ್ದಿಲ್ಲದೆ ಹಿಂದೆ ಸರಿಯಿತು. ಒಂದು ಮಾರು, ಎರಡು ಮಾರು. ಹಗ್ಗದ ತುದಿ ಜೆಟ್ಟಿಯಿಂದ ಜಾರಿ ನೀರಿಗೆ ಬಿದ್ದಾಗ ಎಲ್ಲರೂ ಒಟ್ಟಿಗೇ ಕೂಗಿದರು. ಡಾಕ್ಟರು ತಮ್ಮ ಮೋಟಾರು ಹಚ್ಚಿ ಬೆನ್ನಟ್ಟಿದರು, ಆದರೆ ಆತುರದಲ್ಲಿ ತಮ್ಮ ದೋಣಿಯ ಹಗ್ಗ ಬಿಡಲು ಮರೆತರು. ಮೋಟಾರು ಭೋರ್ಗರೆಯಿತು, ಅವರು ಇದ್ದಲ್ಲೇ ಇದ್ದರು.

"ಹಗ್ಗವೂ ವಸ್ತುವೇ," ಎಂದರು ಮೇಡಂ ಸಣ್ಣ ದನಿಯಲ್ಲಿ.

ಗಾಳಿ ದೋಣಿಯನ್ನು ನೇರ ಎದುರಿನ ಅಲೆತಡೆಯ ಬಂಡೆಗಳಿಗೆ ಒಯ್ದು ಅಪ್ಪಳಿಸಿತು. ಸದ್ದು ಜೆಟ್ಟಿಯವರೆಗೂ ಕೇಳಿಸಿತು. ವಾಲ್ವ್ ಇನ್ನೂ ಮುಚ್ಚಿಯೇ ಇತ್ತು, ಅಲ್ಲಿಂದ ಒಂದು ಹನಿಯೂ ಒಳಗೆ ಬರಲಿಲ್ಲ. ನೀರು ಬಂದದ್ದು ಬಂಡೆ ಪಕ್ಕೆಗೆ ಕೊರೆದ ತೂತಿನಿಂದ.

ಮಾವ ಲಕೋಟೆಯನ್ನು ನಿಧಾನವಾಗಿ ಜೇಬಿಗೆ ಹಾಕಿಕೊಂಡರು. ಹೆಂಡತಿ ಅಪ್ಪನ ತೋಳು ಹಿಡಿದು ಬಸ್ ನಿಲ್ದಾಣದ ಕಡೆ ನಡೆದಳು. ಅಳಿಯ ಮಸಿ ಹಿಡಿದ ಖಾಲಿ ಕೈಗಳನ್ನು ಹಾಗೇ ಮುಂದೆ ಚಾಚಿಕೊಂಡು ನಿಂತಿದ್ದ.

ಆ ದಿನ ಹೋದದ್ದು ಇಷ್ಟು: ರಬ್ಬರ್ ಹೂವು ಮೂರು, ಸ್ಕ್ರೂ ಎರಡು, ಹಲ್ಲು ಕೀಳುವ ಇಕ್ಕಳ ಒಂದು, ದೋಣಿ ಒಂದು.